ಕರಾವಳಿಯಲ್ಲಿ ಕುದುರೆ ಸಾಕುವವರಿಗೆ: ಮೊದಲು ಮೈ ಮುಟ್ಟಿಸಿಕೊಳ್ಳಲು ಕಲಿಸಿ, ಸವಾರಿ ಆಮೇಲೆ

ಮಂಗಳೂರು, ಉಡುಪಿ ಕಡೆಯವರಿಗೆ ಪ್ರಾಣಿ ಸಾಕುವುದು ಹೊಸತಲ್ಲ. ಹಟ್ಟಿಯಲ್ಲಿ ದನ ಕಟ್ಟಿ ಗೊತ್ತು. ಕಂಬಳದ ಕೋಣಗಳಿಗೆ ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕಿ ಗೊತ್ತು. ಕುದುರೆಯ ವಿಷಯದಲ್ಲಿ ತೊಂದರೆ ಶುರುವಾಗುವುದೇ ಈ ಗೊತ್ತಿರುವುದರಿಂದ. ದನಕ್ಕೆ ಮಾಡಿದ್ದನ್ನೇ ಕುದುರೆಗೂ ಮಾಡುತ್ತಾರೆ. ತೌಡು ಕಲಸಿ ಇಡುತ್ತಾರೆ, ಹಸಿ ಸೊಪ್ಪಿನ ಮೇಲೆ ನಿಲ್ಲಿಸುತ್ತಾರೆ, ಹೊಟ್ಟೆನೋವು ಬಂದರೆ ಗೊಟ್ಟದಲ್ಲಿ ಕಷಾಯ ಹೊಯ್ಯುತ್ತಾರೆ.

ದನ ಮೆಲುಕು ಹಾಕುವ ಪ್ರಾಣಿ, ಅದರ ಹೊಟ್ಟೆಗೆ ನಾಲ್ಕು ಕೋಣೆ. ಕುದುರೆಗೆ ಇರುವುದು ಒಂದೇ ಹೊಟ್ಟೆ, ಅದೂ ಸಣ್ಣದು. ಸುಮಾರು 8ರಿಂದ 15 ಲೀಟರ್ ಹಿಡಿಯುತ್ತದೆ, ಅಷ್ಟೇ. ಅದಕ್ಕೆ ವಾಂತಿ ಮಾಡಲೂ ಆಗುವುದಿಲ್ಲ. ತಿನ್ನಬಾರದ್ದು ಒಳಗೆ ಹೋದರೆ ವಾಪಸ್ ಬರುವ ದಾರಿ ಇಲ್ಲ.

ಪಳಗಿಸುವುದು ಅಂದ ಕೂಡಲೇ ಎಲ್ಲರಿಗೂ ಜೀನು, ಲಗಾಮು ನೆನಪಾಗುತ್ತದೆ. ನನ್ನ ಕೇಳಿದರೆ ಮೊದಲ ಕೆಲವು ತಿಂಗಳು ಜೀನಿನ ಸುದ್ದಿಯೇ ಬೇಡ. ನಾಲ್ಕೂ ಕಾಲು ಎತ್ತಲು ಬಿಡಬೇಕು, ತುಟಿ ಎತ್ತಿ ಒಸಡು ನೋಡಲು ಬಿಡಬೇಕು, ಬಾಲ ಸರಿಸಿ ಥರ್ಮಾಮೀಟರ್ ಇಟ್ಟರೂ ಸುಮ್ಮನೆ ನಿಲ್ಲಬೇಕು. ಇಷ್ಟು ಕಲಿತ ಕುದುರೆಗೆ ಕಾಯಿಲೆ ಬಂದರೆ ನಿಮಗೆ ಬೇಗ ಗೊತ್ತಾಗುತ್ತದೆ, ಡಾಕ್ಟರಿಗೂ ಕೈ ಹಾಕಲು ಆಗುತ್ತದೆ. ಇಷ್ಟು ಕಲಿಯದ ಕುದುರೆ ಎಷ್ಟು ಚೆನ್ನಾಗಿ ಓಡಿದರೂ ಏನು ಪ್ರಯೋಜನ?

ತರುವ ಮೊದಲು

ಎರಡು ಕಾಗದ ಕೇಳಿ. ಒಂದು, ಗ್ಲ್ಯಾಂಡರ್ಸ್ ರೋಗ ಇಲ್ಲ ಅನ್ನುವ ರಕ್ತ ಪರೀಕ್ಷೆಯ ವರದಿ. ಇದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ. ಖಚಿತವಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ಇನ್ನೊಂದು, ಲಸಿಕೆಯ ದಾಖಲೆ. ಮಾರುವವರು "ಅದೆಲ್ಲ ಏನೂ ಬೇಡ ಸಾರ್" ಅಂದರೆ ಆ ಕುದುರೆ ಬೇಡ.

ಕುದುರೆ ಗುಂಪಿನ ಪ್ರಾಣಿ ಅನ್ನುವುದೂ ನೆನಪಿರಲಿ. ಒಂಟಿಯಾಗಿ ಕಟ್ಟಿಟ್ಟರೆ ಮರ ಕಚ್ಚುವುದು, ನಿಂತಲ್ಲೇ ಅತ್ತಿತ್ತ ತೂಗುವುದು ಶುರು ಮಾಡುತ್ತದೆ. ಇನ್ನೊಂದು ಕುದುರೆ ತರಲು ಆಗದಿದ್ದರೆ ಕಣ್ಣಿಗೆ ಕಾಣುವ ಹಾಗೆ ಒಂದು ಆಡೋ ದನವೋ ಇರಲಿ.

ಲಾಯ

ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಜಾಗ ಕೊಡಿ. ನಮ್ಮಲ್ಲಿ ಮಳೆ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ. ಆ ಕಡೆ ಗೋಡೆ ಇರಲಿ, ಮೂಡಣ ಬದಿ ತೆರೆದಿರಲಿ. ಮಾಡಿಗೆ ತಗಡಿಗಿಂತ ಹಂಚು ಎಷ್ಟೋ ವಾಸಿ. ಏಪ್ರಿಲ್‌ನಲ್ಲಿ ತಂಪು, ಜುಲೈಯಲ್ಲಿ ಸದ್ದು ಕಮ್ಮಿ. ನೆಲ ಅಂಗಳಕ್ಕಿಂತ ಒಂದಡಿ ಎತ್ತರದಲ್ಲಿದ್ದು, ಸ್ವಲ್ಪ ಇಳಿಜಾರಾಗಿರಬೇಕು. ಕೆಂಪುಕಲ್ಲಿನ ನೆಲದ ಮೇಲೆ ದನದ ಹಟ್ಟಿಗೆ ಹಾಕುವ ರಬ್ಬರ್ ಮ್ಯಾಟ್ ಹಾಸಿ, ಅದರ ಮೇಲೆ ಒಣ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಹಾಕಬಹುದು. ಹಟ್ಟಿಗೆ ಗೊಬ್ಬರಕ್ಕೆಂದು ಹಾಕುವ ಸೊಪ್ಪು ಇಲ್ಲಿ ಬೇಡವೇ ಬೇಡ. ಮೂತ್ರ ಕುಡಿದ ಸೊಪ್ಪಿನ ಮೇಲೆ ನಿಂತರೆ ಗೊರಸು ಕೊಳೆಯುತ್ತದೆ.

ಬೆಳಿಗ್ಗೆ ಲಾಯದೊಳಗೆ ಹೋಗಿ ಒಮ್ಮೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆಯಿರಿ. ಮೂಗಿಗೆ ಘಾಟು ಹೊಡೆದರೆ ಹಾಸು ಬದಲಿಸುವ ಹೊತ್ತಾಗಿದೆ. ನಿಂತರೆ ಆ ಘಾಟು ಗೊತ್ತಾಗುವುದಿಲ್ಲ, ಮಲಗುವ ಕುದುರೆಗೆ ಗೊತ್ತಾಗುತ್ತದೆ.

ಮೇವು: ಇಲ್ಲೇ ಹೆಚ್ಚು ಕುದುರೆಗಳು ಕೆಡುವುದು

ಲೆಕ್ಕ ಸುಲಭ. ಕುದುರೆಯ ತೂಕದ 1.5ರಿಂದ 2 ಶೇಕಡಾ ಒಣಮೇವು ದಿನಕ್ಕೆ ಬೇಕು. 300 ಕೆಜಿಯ ಕುದುರೆಗೆ ಸುಮಾರು 5–6 ಕೆಜಿ ಒಣಹುಲ್ಲು. ಹಸಿಹುಲ್ಲಾದರೆ ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ, ಹಾಗಾಗಿ 25–30 ಕೆಜಿ ಬೇಕಾಗುತ್ತದೆ. ಎರಡೇ ಹೊತ್ತಿಗೆ ಹಾಕಿ ಮುಗಿಸಬೇಡಿ. ಹೊರಗೆ ಬಿಟ್ಟರೆ ಕುದುರೆ ದಿನದ ಹೆಚ್ಚಿನ ಹೊತ್ತು ಮೇಯುತ್ತಲೇ ಇರುತ್ತದೆ. ನಾಲ್ಕೈದು ಸಲ ಹಂಚಿ ಹಾಕಿ, ರಾತ್ರಿಗೂ ಒಂದಿಷ್ಟು ಇರಲಿ.

ಬೈಹುಲ್ಲು ಹೊಟ್ಟೆ ತುಂಬಿಸಲು ಆಗುತ್ತದೆ, ಸತ್ವ ಇಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಬೂಷ್ಟು. ಆಟಿ ತಿಂಗಳಲ್ಲಿ ಬೈಹುಲ್ಲಿನ ರಾಶಿಗೆ ಕೈ ಹಾಕಿ ನೋಡಿ, ಒಳಗೆ ಬೆಚ್ಚಗೆ ಇರುತ್ತದೆ, ಪುಡಿ ಏಳುತ್ತದೆ. ದನ ಹೇಗೋ ತಡೆದುಕೊಳ್ಳಬಹುದು, ಕುದುರೆಗೆ ಅದರಿಂದ ಕೆಮ್ಮು, ಉಬ್ಬಸ, ಹೊಟ್ಟೆನೋವು ಬರುತ್ತದೆ. ಬೂಷ್ಟು ಹಿಡಿದದ್ದನ್ನು ಒಣಗಿಸಿ ಕೊಡುವುದಲ್ಲ, ತೆಂಗಿನ ಬುಡಕ್ಕೆ ಹಾಕುವುದು.

ಇನ್ನು ತೌಡು ಮತ್ತು ನೇಪಿಯರ್ ಹುಲ್ಲು. ಹಾಲಿನ ದನ ಇರುವ ಬಹಳಷ್ಟು ಮನೆಗಳಲ್ಲಿ ಇವೆರಡೂ ಸಿಗುತ್ತವೆ. ತೌಡಿನಲ್ಲಿ ರಂಜಕ ಜಾಸ್ತಿ, ಸುಣ್ಣದಂಶ (ಕ್ಯಾಲ್ಸಿಯಂ) ಕಮ್ಮಿ. ನೇಪಿಯರ್‌ನಂಥ ಹುಲ್ಲುಗಳಲ್ಲಿರುವ ಆಕ್ಸಲೇಟ್, ಇರುವ ಸುಣ್ಣದಂಶವನ್ನೂ ಕುದುರೆಯ ಮೈಗೆ ಸೇರಲು ಬಿಡುವುದಿಲ್ಲ. ಇವೆರಡನ್ನೇ ತಿಂಗಳುಗಟ್ಟಲೆ ಕೊಟ್ಟರೆ ದೇಹ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಎಲುಬಿನಿಂದಲೇ ಕೀಳುತ್ತದೆ. ಕುದುರೆ ಕುಂಟಲು ಶುರು ಮಾಡುತ್ತದೆ, ಮುಖದ ಎಲುಬು ಎರಡೂ ಬದಿ ಉಬ್ಬುತ್ತದೆ. ಇದಕ್ಕೆ ಬಿಗ್ ಹೆಡ್ ಅನ್ನುತ್ತಾರೆ. ನೋಡುವವರು "ಕುದುರೆ ಮುಖ ತುಂಬಿಕೊಂಡಿದೆ, ಚೆನ್ನಾಗಿ ಸಾಕಿದ್ದೀರಿ" ಅನ್ನುವುದೂ ಉಂಟು! ಹಾಗಾಗಿ ಒಂದೇ ಹುಲ್ಲನ್ನು ನಂಬಬೇಡಿ. ಬೇರೆ ಬೇರೆ ಹುಲ್ಲು ಬೆರೆಸಿ, ಘಟ್ಟದ ಮೇಲಿನ ಒಣಮೇವು ಸಿಕ್ಕರೆ ಬೇಸಿಗೆಯಲ್ಲೇ ತರಿಸಿ ಅಟ್ಟದಲ್ಲಿ ಜೋಡಿಸಿಡಿ. ಕ್ಯಾಲ್ಸಿಯಂ ಪುಡಿ ಎಷ್ಟು ಬೇಕು ಅಂತ ಡಾಕ್ಟರನ್ನು ಕೇಳಿಯೇ ಹಾಕಿ.

ಹುರುಳಿ ಒಳ್ಳೆಯದೇ. ರಾತ್ರಿ ನೆನೆಸಿ, ಬೇಯಿಸಿ, ತಣಿಸಿ ಕೊಡಿ. ಆದರೆ ಕೆಲಸವಿಲ್ಲದೆ ನಿಂತಿರುವ ಕುದುರೆಗೆ ಅದು ಬೇಕಾಗುವುದು ತುಂಬಾ ಕಮ್ಮಿ. ಕೆಲಸ ಮಾಡುವ ಕುದುರೆಗೂ ಕಾಳು ಒಂದು ಹೊತ್ತಿಗೆ 1 ಕೆಜಿ ದಾಟದಿರಲಿ. ಯಾವ ಹೊಸ ಮೇವನ್ನೂ ಒಂದೇ ದಿನದಲ್ಲಿ ಬದಲಿಸಬೇಡಿ, ಏಳರಿಂದ ಹತ್ತು ದಿನ ತೆಗೆದುಕೊಂಡು ನಿಧಾನಕ್ಕೆ ಬೆರೆಸುತ್ತಾ ಬನ್ನಿ. ಕಾಳು, ಅನ್ನ, ಹೋಳಿಗೆ ಒಮ್ಮೆಲೇ ಜಾಸ್ತಿ ತಿಂದ ಕುದುರೆಗೆ ಹೊಟ್ಟೆನೋವು ಮಾತ್ರ ಅಲ್ಲ, ಗೊರಸಿನ ಒಳಗೆ ಉರಿಯೂತ ಬಂದು ಕಾಲೂರಲು ಆಗದ ಸ್ಥಿತಿ ಬರಬಹುದು. ಊಟದ ಮನೆಯಲ್ಲಿ ಉಳಿದದ್ದನ್ನು ತಂದು ಸುರಿಯುವ ಪ್ರೀತಿ ಕುದುರೆಗೆ ಬೇಡ.

ಕೋಳಿ ಆಹಾರದ ಚೀಲ ಇರುವ ಕೋಣೆಗೆ ಬೀಗ ಹಾಕಿ. ಅದರಲ್ಲಿ ಮೊನೆನ್ಸಿನ್, ಸಲಿನೊಮೈಸಿನ್‌ನಂಥ ಔಷಧಿ ಬೆರೆಸಿರಬಹುದು. ಕೋಳಿಗೆ ಏನೂ ಆಗದ ಪ್ರಮಾಣ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ಹಾಗೆಯೇ ಬೇಲಿಯಲ್ಲಿ ಕಣಗಿಲೆ ಇದ್ದರೆ ಇವತ್ತೇ ತೆಗೆಸಿ. ದೇವರ ಪೂಜೆಗೆ ಹೂವು ಬೇಕಿದ್ದರೆ ಕುದುರೆಯ ಬಾಯಿ ತಲುಪದ ಕಡೆ ನೆಡಿ. ಕತ್ತರಿಸಿ ಒಣಗಿದ ಎಲೆಯೂ ಅಷ್ಟೇ ವಿಷ. ಮರಗೆಣಸಿನ ಎಲೆ, ಹರಳು ಬೀಜದಿಂದಲೂ ದೂರ ಇಡಿ.

ನೀರು ದಿನಕ್ಕೆ 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಜೊತೆಗೆ ಅಡುಗೆ ಉಪ್ಪು ದಿನಕ್ಕೆ ಸುಮಾರು 30 ಗ್ರಾಂ, ಬೆವರುವ ದಿನ 50 ಗ್ರಾಂ.

ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ ಕುದುರೆ ಇಟ್ಟವರಿಗೆ ಇನ್ನೊಂದು ತಲೆನೋವು, ಮರಳು. ನೆಲದ ಮೇಲೆ ಹಾಕಿದ ಹುಲ್ಲಿನ ಜೊತೆ ಮರಳು ಒಳಗೆ ಹೋಗಿ ಕರುಳಿನಲ್ಲಿ ಕೂರುತ್ತದೆ. ಮೇವನ್ನು ಟಬ್‌ನಲ್ಲಿ ಇಟ್ಟು, ಕೆಳಗೆ ಮ್ಯಾಟ್ ಹಾಸಿ. ಪರೀಕ್ಷೆ ಬೇಕಾದರೆ ನೆಲ ಮುಟ್ಟದ ಲದ್ದಿ ಐದಾರು ಉಂಡೆ ತೆಗೆದು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ನೀರಿನೊಂದಿಗೆ ಕದಡಿ ತೂಗುಹಾಕಿ. ಸ್ವಲ್ಪ ಹೊತ್ತಿನ ಮೇಲೆ ತಳದಲ್ಲಿ ಮರಳು ಕೂತರೆ ಡಾಕ್ಟರಿಗೆ ಹೇಳಿ. ಇಸಬ್‌ಗೋಲ್ ಹೊಟ್ಟು ಕೊಡಲು ಹೇಳಬಹುದು.

ಮೈ ಮುಟ್ಟಿಸಿಕೊಳ್ಳಲು ಕಲಿಸುವುದು

ಕುದುರೆಗೆ ಸುತ್ತಲೂ ಹೆಚ್ಚು ಕಡಿಮೆ ಎಲ್ಲ ಕಾಣುತ್ತದೆ. ಕಾಣದ ಜಾಗ ಎರಡು: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ಆದ್ದರಿಂದ ಭುಜದ ಕಡೆಗೆ ಓರೆಯಾಗಿ, ಮಾತಾಡುತ್ತಾ ಹೋಗಿ. ಮುಖಕ್ಕೆ ಕೈ ಚಾಚಬೇಡಿ. ಅದು ತಲೆ ಎತ್ತಿ ಕಿವಿ ಬಿಗಿ ಮಾಡಿದರೆ ಅಲ್ಲೇ ನಿಲ್ಲಿ. ತಲೆ ತಗ್ಗಿಸಿದ ಮೇಲೆ ಇನ್ನೊಂದು ಹೆಜ್ಜೆ. ಮೊದಲ ದಿನ ಭುಜ ಮುಟ್ಟಿ ವಾಪಸ್ ಬಂದರೆ ಸಾಕು.

ಕಲಿಸುವ ಗುಟ್ಟು ಒತ್ತಡದಲ್ಲಿ ಇಲ್ಲ, ಒತ್ತಡ ತೆಗೆಯುವುದರಲ್ಲಿ ಇದೆ. ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ ಹಿಡಿದುಕೊಳ್ಳಿ, ಎಳೆಯಬೇಡಿ. ಕುದುರೆ ಮುಂದಕ್ಕೆ ಮೈ ವಾಲಿಸಿದರೂ ಸಾಕು, ಆ ಕ್ಷಣವೇ ಹಗ್ಗ ಸಡಿಲ ಬಿಡಿ. ಒಂದು ಸೆಕೆಂಡಿನೊಳಗೆ. ಅದಕ್ಕಿಂತ ತಡವಾದರೆ ಯಾವುದಕ್ಕೆ ಬಿಟ್ಟಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಒಂದು ಹೆಜ್ಜೆ, ಎರಡು ಹೆಜ್ಜೆ, ನಿಲ್ಲುವುದು, ಹಿಂದೆ ಸರಿಯುವುದು. ಎಲ್ಲಕ್ಕೂ ಇದೇ ಕ್ರಮ. ಒಮ್ಮೆಗೆ 15–20 ನಿಮಿಷ ಸಾಕು. ಸರಿಯಾಗಿ ಮಾಡಿದ ಕೂಡಲೇ ನಿಲ್ಲಿಸಿ. "ಇನ್ನೊಂದೇ ಸಲ" ಅನ್ನುವ ಆಸೆಯಲ್ಲಿ ಒಳ್ಳೆ ಪಾಠ ಕೆಡುತ್ತದೆ.

ಬಾಳೆಹಣ್ಣು, ಕ್ಯಾರೆಟ್ ಕೊಡುವುದಾದರೆ ಕ್ಯಾರೆಟನ್ನು ಉದ್ದುದ್ದ ಸೀಳಿ, ಬಟ್ಟಲಲ್ಲಿ ಹಾಕಿ ಕೊಡಿ. ಕೈಯಿಂದ ತಿಂದು ರೂಢಿಯಾದ ಕುದುರೆ ಜೇಬು ಹುಡುಕುತ್ತದೆ, ಆಮೇಲೆ ಕಚ್ಚುತ್ತದೆ.

ಕಾಲು ಎತ್ತುವುದಕ್ಕೆ ಅವಸರ ಬೇಡ. ಭುಜದಿಂದ ಕೈ ಜಾರಿಸುತ್ತಾ ಮೊಣಕಾಲು, ಅಲ್ಲಿಂದ ಗೊರಸಿನ ಮೇಲ್ಭಾಗ. ಅದು ಕಾಲು ಕೊಸರುವ ಮೊದಲೇ ಕೈ ತೆಗೆಯಿರಿ. ಕೊಸರಿದ ಮೇಲೆ ಕೈ ತೆಗೆದರೆ "ಕೊಸರಿದರೆ ಬಿಡ್ತಾರೆ" ಅಂತ ನೀವೇ ಕಲಿಸಿದ ಹಾಗೆ. ಮೊದಲು ಗೊರಸು ಒಂದು ಇಂಚು ಎತ್ತಿ ಇಳಿಸಿ. ಬೀಳಲು ಬಿಡಬೇಡಿ, ನೀವೇ ಇಳಿಸಿ. ಎರಡೂ ಬದಿಯಿಂದ ಅಭ್ಯಾಸ ಮಾಡಿಸಿ. ಎಡಬದಿ ಮಾತ್ರ ಮುಟ್ಟಿಸಿಕೊಂಡ ಕುದುರೆ ಬಲಬದಿಯಲ್ಲಿ ನಿಮ್ಮನ್ನು ಕಂಡರೆ ಹೊಸಬರನ್ನು ಕಂಡಂತೆ ಬೆದರುತ್ತದೆ.

ಕೋಲು ತೋರಿಸಿದರೆ ಎರಡೇ ದಿನದಲ್ಲಿ ಆಗ್ತದೆ ಅನ್ನುವವರು ಇದ್ದಾರೆ. ಆಗುತ್ತದೆ, ಸುಳ್ಳಲ್ಲ. ಕೋಲು ಕಾಣುವಷ್ಟು ಹೊತ್ತು. ಸೂಜಿ ಹಿಡಿದು ಡಾಕ್ಟರು ಬಂದ ದಿನ ಅದರ ಬಣ್ಣ ಗೊತ್ತಾಗುತ್ತದೆ.

ದಿನದ ತಪಾಸಣೆ

ಕುದುರೆ ಚೆನ್ನಾಗಿರುವಾಗಲೇ ಅಳತೆ ತೆಗೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನಿಮ್ಮ ಕುದುರೆಯ ಮಾಮೂಲಿ ಎಷ್ಟು ಅಂತ ಗೊತ್ತಿಲ್ಲದೆ ಕಾಯಿಲೆ ಗೊತ್ತಾಗುವುದು ಹೇಗೆ?

ಜ್ವರ ನೋಡುವುದು ಗುದದ್ವಾರದಲ್ಲಿ. ಥರ್ಮಾಮೀಟರಿಗೆ ದಾರ ಕಟ್ಟಿ ಹಿಡಿದುಕೊಳ್ಳಿ, ಒಳಗೆ ಹೋದರೆ ಕಷ್ಟ. ನೇರ ಹಿಂದೆ ನಿಲ್ಲದೆ ಬದಿಯಲ್ಲಿ ನಿಲ್ಲಿ. 99.5ರಿಂದ 101.3 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ. ನಾಡಿ ದವಡೆಯ ಕೆಳ ಅಂಚಿನಲ್ಲಿ ಬೆರಳಿಗೆ ಸಿಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16, ಸೆಕೆಯ ದಿನ ಸ್ವಲ್ಪ ಹೆಚ್ಚಿರುತ್ತದೆ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ತಿಳಿಗೆಂಪು ಬಣ್ಣ ವಾಪಸ್ ಬರಬೇಕು. ಲದ್ದಿ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಕುತ್ತದೆ. ಬೆಳಿಗ್ಗೆ ಲಾಯಕ್ಕೆ ಹೋದಾಗ ನೆಲ ಚೊಕ್ಕವಾಗಿದ್ದರೆ ಖುಷಿಪಡಬೇಡಿ.

ದಿನಕ್ಕೊಮ್ಮೆ ನಾಲ್ಕೂ ಗೊರಸು ಕೆರೆಯಿರಿ, ಹಿಮ್ಮಡಿಯಿಂದ ತುದಿಯ ಕಡೆಗೆ. ಗೊರಸಿನ ತಳದ ನಡುವೆ ತ್ರಿಕೋನದ ಮೆತ್ತನೆ ಭಾಗ ಇದೆ. ಮಳೆಗಾಲದಲ್ಲಿ ಅದರ ಬದಿಯ ಸಂದಿನಲ್ಲಿ ಕಪ್ಪು ಲೋಳೆ, ಕೊಳೆತ ವಾಸನೆ ಬಂದರೆ ಅದು ಥ್ರಶ್. ಕೆರೆದು, ತೊಳೆದು, ಪೂರ್ತಿ ಒಣಗಿಸಿ, ಪೊವಿಡೋನ್ ಅಯೋಡಿನ್ ಹಚ್ಚಿ. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಹಸಿ ಮಾಂಸ ಕಾಣುವ ಕಡೆ ಅದನ್ನು ಹಾಕಿದರೆ ಸುಡುತ್ತದೆ, ಹಾಗಾಗಿ ಡಾಕ್ಟರು ಹೇಳದೆ ಬೇಡ. ಲಾಳ ಇರಲಿ ಇಲ್ಲದಿರಲಿ, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸಲೇಬೇಕು. ನಮ್ಮ ಕಡೆ ಈ ಕೆಲಸ ಬಲ್ಲವರು ಸುಲಭಕ್ಕೆ ಸಿಗುವುದಿಲ್ಲ. ಕುದುರೆ ತರುವ ಮೊದಲೇ ಹುಡುಕಿಟ್ಟುಕೊಳ್ಳಿ.

ಬೆನ್ನಿನ ಮೇಲೆ ಕೂದಲು ಗೊಂಚಲಾಗಿ ಹಕ್ಕಳೆ ಕಟ್ಟಿದರೆ ಅದು ಒದ್ದೆಯಿಂದ ಬರುವ ಚರ್ಮರೋಗ. ಒದ್ದೆ ಮೈಮೇಲೆ ಗೋಣಿ, ಕಂಬಳಿ ಹೊದಿಸಬೇಡಿ, ಒಂದು ಕುದುರೆಯ ಬ್ರಷ್ ಇನ್ನೊಂದಕ್ಕೆ ಹಾಕಬೇಡಿ. ಮುಸ್ಸಂಜೆ ಹೊತ್ತಿಗೆ ಸಣ್ಣ ನೊಣಗಳ ಕಾಟ ಜಾಸ್ತಿ, ಲಾಯದಲ್ಲಿ ಫ್ಯಾನ್ ಹಾಕಿದರೆ ಅರ್ಧ ಕಮ್ಮಿಯಾಗುತ್ತದೆ. ಜ್ವರ ಬಂದು ಬಂದು ಬಿಡುವುದು, ತಿಂದರೂ ಸೊರಗುವುದು, ಕಾಲು ಮತ್ತು ಹೊಟ್ಟೆಯ ಅಡಿ ಬಾವು ಬರುವುದು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಕಚ್ಚುವ ದೊಡ್ಡ ನೊಣದಿಂದ ಹರಡುವ ಸರ್ರಾ ಇರಬಹುದು. ಚಿಕಿತ್ಸೆ ಇಲ್ಲದಿದ್ದರೆ ಕುದುರೆ ಉಳಿಯುವುದಿಲ್ಲ.

ಲಸಿಕೆಯಲ್ಲಿ ಧನುರ್ವಾಯು ಮತ್ತು ರೇಬಿಸ್ ಎರಡನ್ನೂ ತಪ್ಪಿಸಬೇಡಿ. ಹಲ್ಲು ವರ್ಷಕ್ಕೊಮ್ಮೆ ತೋರಿಸಿ. ಜಂತಿನ ಔಷಧಿಯನ್ನು ಲದ್ದಿ ಪರೀಕ್ಷೆ ಮಾಡಿಸಿಯೇ ಕೊಡಿ.

ಸೆಕೆ

ನಮ್ಮ ಊರಿನ ಸೆಕೆಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಕುದುರೆಯವರು ಬಳಸುವ ಒಂದು ಲೆಕ್ಕ ಇದೆ: ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ತೇವಾಂಶದ ಶೇಕಡಾ ಕೂಡಿಸಿ. 130ರ ಒಳಗೆ ಚಿಂತೆಯಿಲ್ಲ, 150 ದಾಟಿದರೆ ಹುಷಾರು, 180 ಮುಟ್ಟಿದರೆ ಕೆಲಸ ಬೇಡ. ಏಪ್ರಿಲ್ ಮಧ್ಯಾಹ್ನ 91 ಡಿಗ್ರಿ, ತೇವಾಂಶ 65 ಇದ್ದರೆ 156. ಜೂನ್‌ನಲ್ಲಿ ಮಳೆ ಬಿಟ್ಟ ಹೊತ್ತು 84 ಡಿಗ್ರಿ, ತೇವಾಂಶ 90 ಇದ್ದರೆ 174! ಮಳೆ ಬಂದಿದೆ, ತಂಪಾಗಿದೆ ಅಂತ ಓಡಿಸುವ ದಿನವೇ ಹೆಚ್ಚು ಅಪಾಯ. ಮೊಬೈಲಿನಲ್ಲಿ ಎರಡೂ ಅಂಕಿ ಸಿಗುತ್ತದೆ, ಹೊರಡುವ ಮೊದಲು ನೋಡಿ.

ಕಾದ ಕುದುರೆಗೆ ತಣ್ಣೀರು ಹಾಕಬಾರದು ಅನ್ನುವ ಹಳೆ ನಂಬಿಕೆ ಬಿಡಿ. ನೆರಳಿಗೆ ತಂದು, ಬಾವಿಯ ನೀರನ್ನು ಮೈಮೇಲೆಲ್ಲ ಸುರಿಯುತ್ತಲೇ ಇರಿ. ಕುಡಿಯಲೂ ಕೊಡಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಅದು ಶಾಖ ಹಿಡಿದಿಡುತ್ತದೆ. ಕೆಲವು ಕುದುರೆಗಳು ಇಂಥ ಹವೆಯಲ್ಲಿ ಬೆವರುವುದನ್ನೇ ನಿಲ್ಲಿಸುತ್ತವೆ. ಮೂಗು ಅರಳಿಸಿ ಏದುಸಿರು ಬಿಡುತ್ತಿದೆ, ಆದರೆ ಮೈ ಒಣಗಿದೆ ಅಂದರೆ ತಕ್ಷಣ ನೀರು ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ಅಂಥ ಕುದುರೆಯನ್ನು ಘಟ್ಟದ ಮೇಲೆ ಕಳಿಸುವುದೇ ಒಳ್ಳೆಯದು.

ಸವಾರಿಯ ಬಗ್ಗೆ ಎರಡೇ ಮಾತು. ಮೂರು ವರ್ಷ ತುಂಬದ ಮರಿಯ ಮೇಲೆ ಕೂರಬೇಡಿ. ದೊಡ್ಡ ಕುದುರೆಯಾದರೂ ಜೀನು ಸೇರಿ ಅದರ ತೂಕದ ಐದನೇ ಒಂದು ಭಾಗ ಮೀರಬಾರದು. 300 ಕೆಜಿ ಕುದುರೆಗೆ 60 ಕೆಜಿ. ಬೀಚಿನಲ್ಲಿ ಫೋಟೋಕ್ಕೆಂದು ಹತ್ತುವ ಬಹಳಷ್ಟು ಗಂಡಸರು ಈ ಲೆಕ್ಕಕ್ಕೆ ಹೊರಗಿನವರೇ.

ಚೆಂಡೆ, ತಾಸೆ, ಪಟಾಕಿ

ಅಷ್ಟಮಿಗೆ, ದಸರೆಗೆ ಹುಲಿವೇಷದ ತಾಸೆ. ಚಳಿಗಾಲ ಪೂರ್ತಿ ಯಕ್ಷಗಾನದ ಚೆಂಡೆ. ದೀಪಾವಳಿಗೆ ಕೇಳುವುದೇ ಬೇಡ. ಇಲ್ಲಿ ಕುದುರೆ ಇಟ್ಟವರು ಸದ್ದಿಗೆ ರೂಢಿ ಮಾಡಿಸಲೇಬೇಕು. ಆದರೆ ಸದ್ದಿನ ನಡುವೆ ಕಟ್ಟಿ "ರೂಢಿಯಾಗ್ಲಿ" ಅಂತ ಬಿಡುವುದು ರೂಢಿ ಮಾಡಿಸುವುದಲ್ಲ. ಅದು ಸೋತು ಸುಮ್ಮನಾಗುತ್ತದೆ, ಹೆದರಿಕೆ ಒಳಗೇ ಇರುತ್ತದೆ.

ಮೊಬೈಲಿನಲ್ಲಿ ತಾಸೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಮೇವು ತಿನ್ನುವಾಗ ದೂರದಲ್ಲಿ ಸಣ್ಣಗೆ ಹಾಕಿ. ಕಿವಿ ತಿರುಗಿಸಿಯೂ ತಿನ್ನುವುದನ್ನು ನಿಲ್ಲಿಸದಿದ್ದರೆ ಅಷ್ಟು ಸದ್ದು ಸರಿ. ತಿನ್ನುವುದನ್ನು ನಿಲ್ಲಿಸಿದರೆ ಜಾಸ್ತಿಯಾಯಿತು, ಕಮ್ಮಿ ಮಾಡಿ. ವಾರಗಟ್ಟಲೆ ಹೀಗೆ ಸ್ವಲ್ಪ ಸ್ವಲ್ಪ ಏರಿಸಿ. ಟಾರ್ಪಾಲು, ಕೊಡೆ, ಅಲೆ ಎಲ್ಲಕ್ಕೂ ಇದೇ ದಾರಿ: ಹತ್ತಿರ ಹೋಗಿ, ಅದು ಬೆದರುವ ಮೊದಲೇ ವಾಪಸ್ ಬನ್ನಿ. ಪಟಾಕಿಗೆ ಮಾತ್ರ ಯಾವ ಪಾಠವೂ ಪೂರ್ತಿ ಸಾಲದು. ಆ ರಾತ್ರಿಗಳಲ್ಲಿ ಲಾಯದೊಳಗೆ ಬಿಡಿ, ಗಿಡ್ಡ ಹಗ್ಗದಲ್ಲಿ ಕಟ್ಟಬೇಡಿ, ಹುಲ್ಲು ಧಾರಾಳ ಹಾಕಿ, ಯಾರಾದರೂ ಜೊತೆಗಿರಿ.

ಹೊಟ್ಟೆನೋವು ಬಂದ ರಾತ್ರಿ

ಮುಂಗಾಲಿನಿಂದ ನೆಲ ಕೆರೆಯುತ್ತದೆ. ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ. ಮಲಗುತ್ತದೆ, ಏಳುತ್ತದೆ, ಹೊರಳುತ್ತದೆ. ಮೇವು ಬೇಡ, ಲದ್ದಿ ಇಲ್ಲ, ಸುಮ್ನೆ ಬೆವರುತ್ತದೆ. ಇದು ಕೋಲಿಕ್. ಮುಂದಿರುವ ಮೇವನ್ನೆಲ್ಲ ತೆಗೆಯಿರಿ. ಡಾಕ್ಟರಿಗೆ ಫೋನ್ ಮಾಡಿ. ಜೋರಾಗಿ ಹೊರಳುತ್ತಿದ್ದರೆ ನಿಧಾನ ನಡೆಸಿ, ಸುಮ್ಮನೆ ಮಲಗಿದ್ದರೆ ಎಬ್ಬಿಸಬೇಡಿ.

ಪಕ್ಕದ ಮನೆಯವರು "ಒಂಚೂರು ಎಣ್ಣೆ ಕುಡಿಸಿ ಮಾರಾಯ್ರೆ, ನಮ್ಮ ದನಕ್ಕೆ ಅದರಲ್ಲೇ ಸರಿಯಾಗ್ತದೆ" ಅಂತ ಗೊಟ್ಟ ಹಿಡಿದುಕೊಂಡೇ ಬರುತ್ತಾರೆ. ಕಾಳಜಿಯಿಂದಲೇ ಬರುತ್ತಾರೆ. ಆದರೂ ಬೇಡ ಅನ್ನಿ. ಬಾಯಿಗೆ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿನಲ್ಲಿ ಉಳಿಯುತ್ತಿದ್ದ ಕುದುರೆ ನ್ಯುಮೋನಿಯಾದಲ್ಲಿ ಹೋಗುತ್ತದೆ. ಡಾಕ್ಟರು ಎಣ್ಣೆ ಕೊಡುವುದಿದ್ದರೂ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿಯೇ ಕೊಡುತ್ತಾರೆ.

ಫೋನಿನಲ್ಲಿ "ಕುದುರೆಗೆ ಹುಷಾರಿಲ್ಲ" ಅಂದರೆ ಏನೂ ತಿಳಿಯುವುದಿಲ್ಲ. ಯಾವಾಗ ಶುರುವಾಯಿತು, ನಾಡಿ ಎಷ್ಟು, ಜ್ವರ ಎಷ್ಟು, ಒಸಡಿನ ಬಣ್ಣ ಏನು, ಕೊನೆಯ ಲದ್ದಿ ಯಾವಾಗ, ನಿನ್ನೆಯಿಂದ ಮೇವಿನಲ್ಲಿ ಏನು ಬದಲಾಗಿದೆ, ಇಷ್ಟು ಹೇಳಿ. ನಾಡಿ 60 ದಾಟಿದ್ದರೆ ಅದನ್ನೇ ಮೊದಲು ಹೇಳಿ. ಸರ್ಕಾರದ ಪಶು ಆಂಬ್ಯುಲೆನ್ಸ್ ಸೇವೆಯಾದ ಪಶು ಸಂಜೀವಿನಿಯ 1962 ನಂಬರ್ ಲಾಯದ ಗೋಡೆಯಲ್ಲಿ ದೊಡ್ಡದಾಗಿ ಬರೆದಿರಲಿ, ಜೊತೆಗೆ ಕುದುರೆ ನೋಡಿ ಅನುಭವ ಇರುವ ಡಾಕ್ಟರ ನಂಬರೂ ಇರಲಿ. ದೊಡ್ಡ ಚಿಕಿತ್ಸೆ ಬೇಕಾದರೆ ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಆಗುಂಬೆ, ಶಿರಾಡಿಯಲ್ಲಿ ಗುಡ್ಡ ಜರಿದು ದಾರಿ ಬಂದ್ ಆಗುವುದು ಗೊತ್ತೇ ಇದೆ. ಆದ್ದರಿಂದ ಯಾವ ಗಾಡಿ, ಯಾವ ಡ್ರೈವರ್, ಯಾವ ದಾರಿ ಅಂತ ಮೇ ತಿಂಗಳಲ್ಲೇ ಮಾತಾಡಿ ಇಟ್ಟುಕೊಳ್ಳಿ. ನಿಂತ ಗಾಡಿಗೆ ಕುದುರೆಯನ್ನು ಹತ್ತಿಸಿ ಇಳಿಸುವ ಅಭ್ಯಾಸವನ್ನೂ ಆಗಲೇ ಮಾಡಿಸಿ, ಹುಲ್ಲು ಒಳಗಿಟ್ಟು, ಹಗ್ಗ ಸಡಿಲ ಬಿಟ್ಟು.